ಮೊದಲ ಡಿಜಿಟಲ್ ಪಿಯಾನೊ: ಕ್ಯಾಸಿಯೊನಾ, ಯಮಹಾನಾ, ರೋಲೆಂಡಾ?

ಮೊದಲ ಸಲ ಡಿಜಿಟಲ್ ಪಿಯಾನೊ ಕೊಳ್ಳಲು ಕ್ಯಾಸಿಯೊ ಸಿಡಿಪಿ-ಎಸ್110, ಯಮಹಾ ಪಿ-145, ರೋಲೆಂಡ್ ಎಫ್‌ಪಿ-10 ಈ ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ. ಮೂರರಲ್ಲೂ 88 ಕೀ ಇವೆ, ಒತ್ತಿದರೆ ಪಿಯಾನೊದ ಭಾರವೂ ಇದೆ. ಆದರೂ ವ್ಯತ್ಯಾಸ ಬೆರಳಿಗೆ ಗೊತ್ತಾಗುತ್ತದೆ.

ರೋಲೆಂಡ್ ಎಫ್‌ಪಿ-10ರ ಕೀಯನ್ನು ಮೆಲ್ಲಗೆ ಒತ್ತಿ ನೋಡಿ. ತಳ ಮುಟ್ಟುವ ಮುಂಚೆ ಸಣ್ಣದೊಂದು ತಡೆ ಸಿಗುತ್ತದೆ, ಗ್ರ್ಯಾಂಡ್ ಪಿಯಾನೊದಲ್ಲಿ ಇರುವಂಥದ್ದೇ. ಪಿಯಾನೊದ ಗ್ರೇಡ್ ಪರೀಕ್ಷೆ (ಹಂತ ಹಂತದ ಸಂಗೀತ ಪರೀಕ್ಷೆ) ಕಟ್ಟುವ ಆಸೆಯಿದ್ದರೆ ನಾನಂತೂ ಇದನ್ನೇ ಹೇಳುತ್ತೇನೆ. ಆದರೆ ತೂಕ 12 ಕಿಲೋ ದಾಟುತ್ತದೆ, ಬೆಲೆಯೂ ಸಾಮಾನ್ಯವಾಗಿ ಜಾಸ್ತಿ.

ಕ್ಲಾಸಿಗೆ, ಕಾರ್ಯಕ್ರಮಕ್ಕೆ ಹೊತ್ತು ತಿರುಗುವವರಿಗೆ ಕ್ಯಾಸಿಯೊ ಸಿಡಿಪಿ-ಎಸ್110 ವಾಸಿ. ಸುಮಾರು ಹತ್ತೂವರೆ ಕಿಲೋ, ಅಗಲ ಒಂದು ಗೇಣಷ್ಟೇ. ಸಣ್ಣ ರೂಮಿಗೂ ಸರಿ.

ಯಮಹಾ ಪಿ-145 ತೂಕದಲ್ಲಿ ನಡುವಿನದು. ಕೀ ಕೊಂಚ ಹಗುರ, ಮಕ್ಕಳಿಗೆ ಒಗ್ಗುತ್ತದೆ.

ಅಂದ ಹಾಗೆ, ಜತೆಗೆ ಬರುವ ಪೆಡಲ್ (ಸ್ವರ ಮೊಳಗುತ್ತಲೇ ಇರಲು ಕಾಲಲ್ಲಿ ಒತ್ತುವಂಥದ್ದು) ಮೂರರಲ್ಲೂ ಸುಮ್ನೆ ಒಂದು ಆನ್-ಆಫ್ ಸ್ವಿಚ್ ಅಷ್ಟೇ. ಒಳ್ಳೆ ಪೆಡಲ್‌ಗೆ, ಸ್ಟ್ಯಾಂಡಿಗೆ ಬೇರೆ ದುಡ್ಡು ಎತ್ತಿಡಿ.