ಗಟ್ಟಿಯಾಗಿ ಓದಿದರೆ ಯಾವುದು ನಿಲ್ಲುತ್ತದೆ? ಪಾಲಿ ಸುತ್ತಗಳನ್ನು ನಾಲ್ಕು ರೀತಿ ಓದಿ ನೋಡಿದ್ದು

ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಅಕ್ಕಲಕೋಟ ಕಡೆಯವರಿಗೆ ಒಂದು ಅನುಕೂಲ ಇದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಮೊಬೈಲಿನಲ್ಲಿ ಇಂಗ್ಲಿಷ್. ಬುದ್ಧನ ಹಳೆಯ ಮಾತುಗಳು, ಅಂದರೆ ಸುತ್ತಗಳು, ಇರೋದು ಪಾಲಿ ಅನ್ನುವ ಹಳೆಯ ಭಾಷೆಯಲ್ಲಿ. ಅವನ್ನು ಓದಬೇಕು ಅನ್ನುವವರಿಗೆ ಮೂರರಲ್ಲೂ ಅನುವಾದ ಸಿಗುತ್ತದೆ. ಹಾಗಾದರೆ ಯಾವುದರಿಂದ ಶುರು ಮಾಡೋದು? ನಾನು ಎಲ್ಲವನ್ನೂ ಓದಿ ನೋಡಿದ್ದೇನೆ, ಜೊತೆಗೆ ಪಾಲಿಯನ್ನೂ.

ನನ್ನ ಅಳತೆ ಒಂದೇ. ಗಟ್ಟಿಯಾಗಿ ಓದಿದಾಗ ಎದುರಿಗೆ ಕೂತವರಿಗೆ ಅದು ಮುಟ್ಟಬೇಕು. ಈ ಮಾತುಗಳು ನೂರಾರು ವರ್ಷ ಬಾಯಿಂದ ಬಾಯಿಗೇ ಬಂದವು. ಶ್ರೀಲಂಕಾದಲ್ಲಿ ಅವನ್ನು ಓಲೆಗೆ ಇಳಿಸಿದ್ದು ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ. ಕೇಳಲಿ ಅಂತ ಕಟ್ಟಿದ್ದನ್ನು ಬರೀ ಕಣ್ಣಲ್ಲಿ ಓದಿದರೆ ಅರ್ಧ ಕೈತಪ್ಪಿ ಹೋಗುತ್ತದೆ.

ಕನ್ನಡದಲ್ಲಿ ಎಲ್ಲರ ಕೈಗೂ ಮೊದಲು ಸಿಗೋದು ಧಮ್ಮಪದ. 26 ವರ್ಗ (ಅಧ್ಯಾಯ), 423 ಗಾಥೆ (ಪದ್ಯ). ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಶುರು ಮಾಡಿದ ಬೆಂಗಳೂರಿನ ಮಹಾಬೋಧಿ ಸೊಸೈಟಿ ಪಾಲಿ ಗ್ರಂಥಗಳನ್ನು ಕನ್ನಡಕ್ಕೆ ತರುವ ದೊಡ್ಡ ಕೆಲಸ ಮಾಡುತ್ತಿದೆ. ಧಮ್ಮಪದದ ಒಂದೊಂದು ಗಾಥೆಯೂ ಬಾಯಿಗೆ ಹತ್ತುತ್ತದೆ, ಅವ್ವನಿಗೂ ಓದಿ ಹೇಳಬಹುದು. ಆದರೆ ಈ ಮಾತನ್ನು ಬುದ್ಧ ಯಾರಿಗೆ ಹೇಳಿದ, ಅವರಿಗೆ ಏನು ತೊಂದರೆ ಇತ್ತು ಅನ್ನೋದು ಗಾಥೆಯಲ್ಲಿ ಇರುವುದಿಲ್ಲ. ಆ ಕಥೆಗಳು ಅಟ್ಠಕಥೆ ಅನ್ನುವ ಹಳೆಯ ವ್ಯಾಖ್ಯಾನದಲ್ಲಿವೆ, ಅದು ಬೇರೆ ಪುಸ್ತಕ. ಹಾಗಾಗಿ ಧಮ್ಮಪದ ಒಂದನ್ನೇ ಓದಿದವರಿಗೆ ಬುದ್ಧ ಬರೀ ಬುದ್ಧಿ ಹೇಳುವವನ ಹಾಗೆ ಕಾಣುತ್ತಾನೆ. ಸುತ್ತಗಳಲ್ಲಿ ಅವನು ಹಾಗಿಲ್ಲ. ಎದುರಿಗಿರುವವರ ಮಾತನ್ನೇ ಹಿಡಿದು ಉತ್ತರ ಕೊಡುತ್ತಾನೆ.

ಇಂಗ್ಲಿಷಿನಲ್ಲಿ ಸಿಗುವಷ್ಟು ಇನ್ನೆಲ್ಲೂ ಸಿಗುವುದಿಲ್ಲ. ಸುತ್ತಗಳ ದೊಡ್ಡ ಸಂಗ್ರಹಗಳಿಗೆ ನಿಕಾಯ ಅಂತಾರೆ. ಭಿಕ್ಖು ಬೋಧಿ ಅವರ ಮಜ್ಝಿಮ ನಿಕಾಯ 1995ರಲ್ಲಿ, ಸಂಯುತ್ತ 2000ದಲ್ಲಿ, ಅಂಗುತ್ತರ 2012ರಲ್ಲಿ ಬಂದವು. ಅವರ ಟಿಪ್ಪಣಿಗಳಿಗೆ ಸಮ ಇಲ್ಲ. ಪುಸ್ತಕಗಳು ದುಬಾರಿ. ದುಡ್ಡಿಲ್ಲದವರಿಗೆ ಸುತ್ತಸೆಂಟ್ರಲ್ ತಾಣದಲ್ಲಿ ಭಿಕ್ಖು ಸುಜಾತೋ ಅವರ ಅನುವಾದ ಪೂರ್ತಿ ಉಚಿತ, ಪಕ್ಕದಲ್ಲೇ ಪಾಲಿ ಸಾಲನ್ನೂ ಇಟ್ಟು ಓದಬಹುದು. ಏನಾದರೂ ಅರ್ಥವಾಗದೆ ನಿಂತರೆ ನಾನು ಹೋಗೋದು ಇಲ್ಲಿಗೇ.

ಗಟ್ಟಿ ಓದಿಗೆ ಮಾತ್ರ ಇಂಗ್ಲಿಷ್ ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ಭಾಷೆ ಬಾರದು ಅನ್ನೋದು ಒಂದು ಕಾರಣ. ಮತ್ತೆ ಮತ್ತೆ ಬರುವ ಸಾಲುಗಳನ್ನು ಬಹಳ ಕಡೆ ಮೂರು ಚುಕ್ಕಿ ಇಟ್ಟು ದಾಟಿಸಿರುವುದು ಇನ್ನೊಂದು. ಪಾಲಿ ಪ್ರತಿಗಳಲ್ಲೇ ಈ ರೂಢಿ ಇದೆ, ಅಲ್ಲಿ ‘ಪೇ’ ಅಂತ ಬರೆದು ಮುಂದೆ ಹೋಗುತ್ತಾರೆ. ಧ್ಯಾನ ಹೇಳಿಕೊಡುವ ಸತಿಪಟ್ಠಾನ ಸುತ್ತದಲ್ಲಿ 21 ಅಭ್ಯಾಸಗಳಿವೆ, ಒಂದೊಂದರ ಕೊನೆಗೂ ಅದೇ ಪಲ್ಲವಿ. ಅದನ್ನು ಬಿಡದೆ ಪೂರ್ತಿ ಓದಿ ನೋಡಿ. ಸ್ವಲ್ಪ ಹೊತ್ತಿಗೆ ಉಸಿರು ನಿಧಾನವಾಗುತ್ತದೆ. ಚುಕ್ಕಿ ಬಂದಲ್ಲೆಲ್ಲ ಬಿಟ್ಟ ಸಾಲನ್ನು ತುಂಬಿಕೊಂಡೇ ಓದಬೇಕು ಅನ್ನೋದು ನನ್ನ ಹಟ.

ಈಗ ಮರಾಠಿ. ಗೋವೆಯಲ್ಲಿ 1876ರಲ್ಲಿ ಹುಟ್ಟಿದ ಧರ್ಮಾನಂದ ಕೋಸಂಬಿ ಪಾಲಿ ಕಲಿಯೋದಕ್ಕೆ ಶ್ರೀಲಂಕಾವರೆಗೆ ಹೋದವರು. ಅವರು ಸುತ್ತನಿಪಾತ ಅನ್ನುವ ಹಳೆಯ ಸುತ್ತಗಳ ಸಂಗ್ರಹವನ್ನು ಮರಾಠಿಗೆ ತಂದಿದ್ದಾರೆ. ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಇದೇ. ಇದರಲ್ಲಿ ಧನಿಯ ಸುತ್ತ ಅಂತ ಒಂದಿದೆ. ಮಹೀ ನದಿಯ ದಂಡೆಯಲ್ಲಿ ಧನಿಯ ಅನ್ನುವ ದನಗಾಹಿ ನೆಮ್ಮದಿಯಾಗಿ ಕೂತಿದ್ದಾನೆ. ಅನ್ನ ಬೆಂದಿದೆ, ಹಾಲು ಕರೆದಾಗಿದೆ, ಗುಡಿಸಲಿಗೆ ಹೊದಿಕೆ ಇದೆ, ಒಲೆ ಉರಿಯುತ್ತಿದೆ. ಮಳೆ ಸುರಿಯೋದಾದರೆ ಸುರಿ ಅಂತಾನೆ. ಬುದ್ಧ ಅದೇ ಧಾಟಿಯಲ್ಲಿ ಉತ್ತರ ಕೊಡುತ್ತಾನೆ: ನನ್ನಲ್ಲಿ ಸಿಟ್ಟಿಲ್ಲ, ನಾನು ಇಲ್ಲಿ ಒಂದು ರಾತ್ರಿಯವನು, ನನ್ನ ಗುಡಿಸಲು ತೆರೆದಿದೆ, ಬೆಂಕಿ ಆರಿದೆ, ಸುರಿಯೋದಾದರೆ ಸುರಿ.

ಎಮ್ಮೆ ಕಟ್ಟಿಕೊಂಡಿರುವ ನಮ್ಮ ಕಾಕಾಗೆ ಇದನ್ನು ಮರಾಠಿಯಲ್ಲಿ ಓದಿದೆ. ಅವರು ತಡಮಾಡದೆ ತಮ್ಮ ಮಾತಲ್ಲೇ ಹೇಳಿದರು: “ಅಡಗಿ ಆಗ್ಯಾದ, ಹಾಲು ಹಿಂಡೀನಿ, ಮನಿ ಸೋರಂಗಿಲ್ಲ. ಮಳಿ ಬರೂದಿದ್ರ ಬರ್ಲಿ ಬಿಡಪಾ!” ಆಮೇಲೆ ಬುದ್ಧನ ಸಾಲು ಓದಿದಾಗ ಸುಮ್ಮನಾದರು. “ಇನ್ನೊಮ್ಮಿ ಓದು” ಅಂದರು. ಕನ್ನಡ ಧಮ್ಮಪದ ಓದಿದಾಗ ಹೀಗೆ ಆಗಿರಲಿಲ್ಲ.

ಮರಾಠಿಯಲ್ಲೂ ಸಿಗದ ಒಂದು ಸಂಗತಿ ಪಾಲಿಯಲ್ಲಿದೆ, ಅದು ದನಿ. ಇಗತಪುರಿಯ ವಿಪಶ್ಯನಾ ಸಂಸ್ಥೆಯವರು ಇಡೀ ತಿಪಿಟಕವನ್ನು, ಅಂದರೆ ಬೌದ್ಧರ ಪಾಲಿ ಧರ್ಮಗ್ರಂಥಗಳನ್ನೆಲ್ಲ, ಜಾಲತಾಣದಲ್ಲಿ ಇಟ್ಟಿದ್ದಾರೆ, ಅದನ್ನು ಕನ್ನಡ ಲಿಪಿಯಲ್ಲೇ ಓದಬಹುದು. ಇದು ತುಂಬ ಜನರಿಗೆ ಗೊತ್ತಿಲ್ಲ. ಧನಿಯ ‘ಪಕ್ಕೋದನೋ ದುದ್ಧಖೀರೋಹಮಸ್ಮಿ’ ಅಂದರೆ, ಬುದ್ಧ ‘ಅಕ್ಕೋಧನೋ ವಿಗತಖಿಲೋಹಮಸ್ಮಿ’ ಅಂತಾನೆ. ಪ್ರಾಸಕ್ಕೆ ಪ್ರಾಸ. ಇಬ್ಬರದೂ ಮುಗಿಯೋದು ‘ಪವಸ್ಸ ದೇವ’, ಅಂದರೆ ‘ಸುರಿ ಮಳೆದೇವರೇ’ ಅಂತ. ವ್ಯಾಕರಣ ಬಾರದಿದ್ದರೂ ಪರವಾಗಿಲ್ಲ, ಕಿವಿಗೆ ಗೊತ್ತಾಗುತ್ತದೆ. ನಮ್ಮ ತಾಲೂಕಿನ ಅಂಚಲ್ಲಿ ಹರಿಯುವ ಭೀಮೆಯೇ ಮುಂದೆ ಕಲಬುರಗಿ ಜಿಲ್ಲೆಯ ಸನ್ನತಿಯ ಪಕ್ಕ ಹರಿಯುತ್ತದೆ. ಅಲ್ಲಿ ಸಿಕ್ಕಿರುವ ಅಶೋಕನ ಶಾಸನದ ಪ್ರಾಕೃತ ಪಾಲಿಗೆ ನೆಂಟ ಭಾಷೆ. ಈ ದನಿ ನಮ್ಮ ಹೊಳೆದಂಡೆಗೆ ಹೊಸದೇನೂ ಅಲ್ಲ.

ಬರೀ ಪಾಲಿ ಓದಿದರೆ ಅರ್ಥ ದಕ್ಕುವುದಿಲ್ಲ. ಆದ್ದರಿಂದ ನಾನು ಜೋಡಿ ಮಾಡಿಕೊಂಡು ಓದುತ್ತೇನೆ. ಮೊದಲು ಪಾಲಿ ಗಾಥೆ, ಆಮೇಲೆ ಕೋಸಂಬಿಯವರ ಮರಾಠಿ, ಆಮೇಲೆ ನಮ್ಮ ಮನೆಮಾತಿನಲ್ಲಿ ಒಂದು ಸಾಲು. ಹಿಂದಿ ಸಲೀಸಾಗಿ ಬರುವವರಿಗೆ ರಾಹುಲ ಸಾಂಕೃತ್ಯಾಯನರ ಮಜ್ಝಿಮ ನಿಕಾಯವೂ ಇದೆ, ಗಟ್ಟಿ ಕೆಲಸ. ಅದರ ಹಿಂದಿ ನಮ್ಮ ಕಡೆಯ ಹಿರಿಯರಿಗೆ ಸ್ವಲ್ಪ ದೂರ.

ಹೊಸಬರು ಸುತ್ತನಿಪಾತದ ಮೊದಲ ವರ್ಗವಾದ ಉರಗವಗ್ಗದಿಂದ ಶುರು ಮಾಡಿ. ಧನಿಯ ಸಿಗೋದು ಅಲ್ಲೇ, ನೇಗಿಲು ಹೂಡಿದ ಕಸಿಭಾರದ್ವಾಜನೂ ಅಲ್ಲೇ. ಬೇಸಾಯ ಮಾಡುವ ಮನೆಗಳಲ್ಲಿ ಓದೋದಕ್ಕೆ ಇವೆರಡಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆಮೇಲೆ ಇಂಗ್ಲಿಷ್ ಹಿಡಿದು ಮಜ್ಝಿಮಕ್ಕೆ ಹೋಗಿ. ಅದರ 152 ಸುತ್ತಗಳಲ್ಲಿ 63ನೆಯದನ್ನು ಮೊದಲು ಓದಿ. ವಿಷದ ಬಾಣ ನಾಟಿದೆ, ಆದರೂ ಹೊಡೆದವನ ಹೆಸರು, ಕುಲ, ಊರು ಗೊತ್ತಾಗುವವರೆಗೆ ಕೀಳಿಸಿಕೊಳ್ಳುವುದಿಲ್ಲ ಅಂತ ಕೂತವನ ಮಾತು ಅದರಲ್ಲಿದೆ. ಅವನ ಪ್ರಶ್ನೆಗಳು ಉದ್ದಕ್ಕೆ ಬರುತ್ತವೆ. ಒಂದನ್ನೂ ಬಿಡದೆ ಓದಿ.