ಕತ್ತಿ ಹಿಡಿಗೆ ಹೊಳಪು: ನಾಲ್ಕರಲ್ಲಿ ಯಾವುದು ಕೊಡಗಿನ ಮಳೆಗೆ ನಿಲ್ಲುತ್ತದೆ?

ಹಿಡಿಗೆ ಹೊಳಪು ಬರಿಸುವುದು ಕಷ್ಟವೇನಲ್ಲ. ಆ ಹೊಳಪು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಗೆ ನಿಲ್ಲಬೇಕಲ್ಲ, ಕಷ್ಟ ಇರುವುದು ಅಲ್ಲಿ. ನಾನೇ ಮಾಡಿದ ಬೀಟೆ ಮತ್ತು ಹಲಸಿನ ಹಿಡಿಗಳಿಗೆ ಅಗಸೆ ಎಣ್ಣೆ, ಅರಗಿನ ಪಾಲಿಶ್, ಪಿಯು (ಪಾಲಿಯುರೆಥೇನ್ ವಾರ್ನಿಶ್), ಸೂಪರ್ ಗ್ಲೂ ನಾಲ್ಕನ್ನೂ ಹಚ್ಚಿ ಮಡಿಕೇರಿಯ ಮಳೆಗಾಲದಲ್ಲಿ ಬಳಸಿ ನೋಡಿದ್ದೇನೆ.

ಯಾವುದನ್ನು ಹಚ್ಚಿದರೂ ಅರ್ಧ ಹೊಳಪು ಉಪ್ಪುಕಾಗದದಲ್ಲೇ ಬರಬೇಕು. 120 ನಂಬರಿನ ಒರಟು ಕಾಗದದಿಂದ ಶುರು ಮಾಡಿ 220, 400 ಅಂತ ನಯವಾದದ್ದಕ್ಕೆ ಏರುತ್ತಾ ಹೋಗಿ. ಕೊನೆಗೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಮರದ ನಾರು ಏಳುತ್ತದೆ, ಒಣಗಿದ ಮೇಲೆ ಅದನ್ನೂ ಉಜ್ಜಿಬಿಡಿ. ಬೀಟೆ ಧೂಳು ಮೂಗಿಗೂ ಚರ್ಮಕ್ಕೂ ಒಳ್ಳೆಯದಲ್ಲ, ಮಾಸ್ಕ್ ಬೇಕೇ ಬೇಕು.

ಅರಗಿನ ಪಾಲಿಶ್ ನೋಡಲು ಎಲ್ಲಕ್ಕಿಂತ ಚೆಂದ. ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯ ಉಂಡೆಯಲ್ಲಿ ತೆಳ್ಳಗೆ ಸವರುತ್ತಾ ಹೋದರೆ ಬೀಟೆಯ ಗೆರೆಗಳು ಒಳಗಿನಿಂದಲೇ ಬೆಳಗಿದಂತೆ ಕಾಣುತ್ತವೆ, ಬೇಗ ಒಣಗುತ್ತದೆ, ಗೀರು ಬಿದ್ದರೆ ಮತ್ತೆ ಸ್ವಲ್ಪ ಸವರಿದರೆ ಸಾಕು. ಆದರೆ ಮಳೆಗಾಲದಲ್ಲಿ ಹಚ್ಚಿದರೆ ಗಾಳಿಯ ತೇವಕ್ಕೆ ಬಿಳಿ ಮಂಜು ಕಟ್ಟುತ್ತದೆ, ಬಿಸಿ ನೀರು ತಗುಲಿದರೂ ಅಷ್ಟೇ. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಪೂಜೆಗಿಟ್ಟು ಮತ್ತೆ ಗೋಡೆಗೆ ತೂಗುಹಾಕುವ ಒಡಿಕತ್ತಿಗೆ, ಅಂದರೆ ಕೊಡವರ ಅಗಲ ಅಲಗಿನ ಬಾಗಿದ ಕತ್ತಿಗೆ, ಇದು ಸರಿ. ಅಡುಗೆಮನೆ ಚಾಕುವಿಗೆ ಬೇಡ.

ಅಗಸೆ ಎಣ್ಣೆಯಲ್ಲಿ ನಿಜವಾದ ಹೊಳಪು ಸಿಗುವುದಿಲ್ಲ, ಮಾಗಿದ ಮಿನುಗು ಅಷ್ಟೇ. ಹಸಿ ಎಣ್ಣೆ ವಾರಗಟ್ಟಲೆ ಅಂಟಂಟಾಗಿರುತ್ತದೆ, ಹಾಗಾಗಿ ಅಂಗಡಿಯಲ್ಲಿ ಬೇಗ ಒಣಗುವ ಬಗೆಯನ್ನೇ ಕೇಳಿ. ಆದರೂ ತೋಟದಲ್ಲಿ ಕಸಿ ಮಾಡುವ, ಬಳ್ಳಿ ಕಡಿಯುವ ಕತ್ತಿಗೆ ನನ್ನ ಆಯ್ಕೆ ಇದೇ. ಒದ್ದೆ ಕೈಯಲ್ಲಿ ಜಾರುವುದಿಲ್ಲ, ಸಿಪ್ಪೆ ಏಳುವುದಿಲ್ಲ, ಮಾಸಿದಾಗ ಮೇಲೆ ಜೇನುಮೇಣ ತಿಕ್ಕಿದರೆ ಆಯ್ತು. ಒಂದು ಮಾತು ಮಾತ್ರ ಮರೆಯಬೇಡಿ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಒಣಹಾಕಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಪಿಯು ನೀರಿಗೆ ಗಟ್ಟಿ, ಒಪ್ಪುತ್ತೇನೆ. ಆದರೆ ಬೀಟೆ ಮರದಲ್ಲೇ ಎಣ್ಣೆಯಂಶ ಇರುವುದರಿಂದ ಅದರ ಮೇಲೆ ಸರಿಯಾಗಿ ಒಣಗದೆ ಸತಾಯಿಸುತ್ತದೆ. ಮೊದಲು ಆ ಎಣ್ಣೆ ತೆಗೆಯುವ ಅಸಿಟೋನ್ ದ್ರಾವಕದಲ್ಲಿ ಒರೆಸಿ ತಕ್ಷಣ ಹಚ್ಚಬೇಕು. ಹಲಸಿನ ಮೇಲೆ ಈ ರಗಳೆ ಇಲ್ಲ. ದಪ್ಪಗೆ ಬಳಿದರೆ ಪ್ಲಾಸ್ಟಿಕ್ ಹೊದಿಸಿದ ಹಾಗೆ ಕಾಣುತ್ತದೆ, ಅದು ನನಗೆ ಹಿಡಿಸುವುದಿಲ್ಲ.

ಇನ್ನು ಸೂಪರ್ ಗ್ಲೂ. ಮರ ಅಂಟಿಸಲು ತರುತ್ತೇವಲ್ಲ, ಅದರ ನೀರಿನಂತೆ ತೆಳುವಾದ ಬಗೆಯನ್ನೇ ಪಾಲಿಶ್ ಆಗಿ ಹಚ್ಚುವುದು. ಒಂದೊಂದು ಪದರವೂ ತೆಳ್ಳಗಿರಬೇಕು, ಪದರಗಳ ನಡುವೆ ಲಘುವಾಗಿ ಉಜ್ಜಬೇಕು, ಕೊನೆಗೆ 1000 ಮತ್ತು 2000ರ ಕಾಗದದಲ್ಲಿ ನೀರು ಹಾಕಿ ಉಜ್ಜಿ, ಕಾರಿಗೆ ಹಾಕುವ ಪಾಲಿಶ್‌ನಲ್ಲಿ ತಿಕ್ಕಿದರೆ ಬರುವ ಹೊಳಪು ಬೇರೆ ಯಾವುದರಲ್ಲೂ ಬರುವುದಿಲ್ಲ. ಅಡುಗೆಮನೆಯ ದಿನನಿತ್ಯದ ನೀರಿಗೂ ತಡೆಯುತ್ತದೆ. ಈ ಅಂಟು ಗಾಳಿಯ ತೇವದಿಂದಲೇ ಗಟ್ಟಿಯಾಗುವಂಥದ್ದು, ಹಾಗಾಗಿ ಜುಲೈಯಲ್ಲಿ ಮಡಿಕೇರಿಯಲ್ಲಿ ಹಚ್ಚಿದರೆ ಬಿಳಿ ಪುಡಿ ಕೂರುವ ಸಾಧ್ಯತೆ ಜಾಸ್ತಿ. ಫೆಬ್ರವರಿ, ಮಾರ್ಚ್‌ನ ಒಣ ದಿನಗಳಲ್ಲಿ ಮಾಡಿ. ಕಿಟಕಿ ತೆರೆದಿಡಿ, ಹೊಗೆ ಕಣ್ಣು ಉರಿಸುತ್ತದೆ. ಹತ್ತಿ ಬಟ್ಟೆಗೆ ತಾಗಿದರೆ ಸುಡುವಷ್ಟು ಬಿಸಿಯಾಗುತ್ತದೆ, ಹತ್ತಿಯ ಗ್ಲೌಸ್ ಹಾಕಲೇಬೇಡಿ.

ಅಡುಗೆಮನೆಗೂ ಯಾರಿಗಾದರೂ ಉಡುಗೊರೆ ಕೊಡುವ ಚಾಕುವಿಗೂ ನಾನು ಈಗ ಇದನ್ನೇ ಹಚ್ಚುವುದು. ಹಿಡಿ ತುಂಬಾ ನುಣುಪಾಗಿ ಜಾರುತ್ತದೆ ಅನ್ನಿಸಿದರೆ ಬೆರಳು ಕೂರುವ ಜಾಗದಲ್ಲಿ ಮಾತ್ರ 600ರ ಕಾಗದ ಒಮ್ಮೆ ಆಡಿಸಿ, ಉಳಿದ ಕಡೆ ಹೊಳಪು ಹಾಗೇ ಇರಲಿ.