ಕಲ್ಲು ಕರಗಿಸುವ ಕಿಟ್: ಚೆನ್ನಾಗಿದೆ, ಕೈಪಿಡಿ ಬಿಟ್ಟು

ಮಗಳಿಗೆ ಅಂತ ತರಿಸಿದ ಕಿಟ್, ಈಗ ಅವಳಿಗಿಂತ ಜಾಸ್ತಿ ನಾನೇ ಆಡುತ್ತಿದ್ದೇನೆ. ಒಳಗೆ ಆರು ಕಲ್ಲು, ಭೂತಗನ್ನಡಿ, ಡ್ರಾಪರ್, ತೆಳು ಆಮ್ಲದ ಒಂದು ಪುಟ್ಟ ಬಾಟಲಿ.

ಸುಣ್ಣದ ಕಲ್ಲಿನ ಮೇಲೆ ಎರಡು ಹನಿ ಬಿಟ್ಟರೆ ಸಾಕು, ಬುಸ್ ಅಂತ ನೊರೆ. ಅದು ಕಾರ್ಬನ್ ಡೈಆಕ್ಸೈಡ್. ಮಳೆನೀರೂ ಈ ಕಲ್ಲನ್ನು ಕರಗಿಸುತ್ತದೆ, ಆದರೆ ನೊರೆಯಿಲ್ಲದೆ, ಸದ್ದಿಲ್ಲದೆ: ಗಾಳಿಯಲ್ಲಿರುವ ಅದೇ ಅನಿಲ ಸೇರಿ ಮಳೆಯ ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಕಡಿಮೆ ಇದ್ದರೆ ಹುಳಿ) ಸುಮಾರು 5.6 ಆಗಿರುತ್ತದೆ, ಅಷ್ಟು ಸಣ್ಣ ಹುಳಿಯೇ ಸಾವಿರಾರು ವರ್ಷ ಜಿನುಗಿ ಗುಹೆಗಳನ್ನೇ ಕೊರೆಯುತ್ತದೆ.

ನನಗೆ ಇಷ್ಟವಾದದ್ದು ಅರ್ಧಕ್ಕೆ ಕೊಯ್ದ ಬಸಾಲ್ಟ್, ಅಂದರೆ ಲಾವಾ ತಣಿದು ಆದ ಕಲ್ಲು. ಒಳಗೆ ಕಡುಕಪ್ಪು, ಹೊರಗೆ ಕೆಂಪು-ಕಂದು ಸಿಪ್ಪೆ. ಕಬ್ಬಿಣದ ಅಂಶಕ್ಕೆ ಆಮ್ಲಜನಕ, ನೀರು ತಗುಲಿ ಕಲ್ಲೇ ತುಕ್ಕು ಹಿಡಿದಿದೆ!

ಗ್ರಾನೈಟ್ ವಿಷಯದಲ್ಲಿ ಮಾತ್ರ ಕೈಪಿಡಿ ಸುಮ್ನೆ ಬುರುಡೆ ಬಿಟ್ಟಿದೆ. 'ನೀರಲ್ಲಿಡಿ, ವಾರದಲ್ಲಿ ಬದಲಾವಣೆ ನೋಡಿ' ಅಂತೆ. ಅದರೊಳಗಿನ ಖನಿಜವಾದ ಫೆಲ್ಡ್‌ಸ್ಪಾರ್‌ನಿಂದ ಪೊಟ್ಯಾಸಿಯಂ, ಸೋಡಿಯಂ ತೊಳೆದುಹೋಗಿ ಕೊನೆಗೆ ಜೇಡಿಮಣ್ಣು ಉಳಿಯುವುದು ನಿಜ, ಆದರೆ ಅದಕ್ಕೆ ವಾರ ಎಲ್ಲಿ ಸಾಕು? ಪಕ್ಕದಲ್ಲೇ ಇರುವ ಇನ್ನೊಂದು ಖನಿಜ ಕ್ವಾರ್ಟ್ಜ್ ಅಂತೂ ಜಗ್ಗುವುದೇ ಇಲ್ಲ, ಅದಕ್ಕೇ ಮರಳಿನಲ್ಲಿ ಅದೇ ಜಾಸ್ತಿ. ಇದನ್ನು ಕೈಪಿಡಿಯಲ್ಲಿ ಒಂದು ಸಾಲು ಬರೆಯಬಹುದಿತ್ತು, ಅಲ್ವಾ?

ಡ್ರಾಪರ್ ಸೋರುತ್ತದೆ, ಕೈಗವಸು ದೊಡ್ಡವರ ಅಳತೆಯದು. ಆಮ್ಲ ಮೂರೇ ದಿನಕ್ಕೆ ಖಾಲಿ, ಈಗ ವಿನೆಗರ್ ಹಾಕುತ್ತಿದ್ದೇವೆ, ನೊರೆ ನಿಧಾನ. ಐದರಲ್ಲಿ ಮೂರೂವರೆ ಸ್ಟಾರ್.